ನಲವತ್ತೊಂದು ಅಂಗಡಿಗಳ ಒಂದೇ ಮಾತು

ಇದನ್ನು ಬರೆಯಲು ನಾಲ್ಕು ಸಲ ಕೂತು ನಾಲ್ಕು ಸಲವೂ ಎದ್ದಿದ್ದೇನೆ. ಮೊದಲ ಸಲ ತೊಗರಿ ಸುಗ್ಗಿಯ ನೆವ ಸಿಕ್ಕಿತು. ಎರಡನೆಯ ಸಲ ಮೊಣಕಾಲಿನ ಆಪರೇಷನ್ ಆಗಿತ್ತು. ಮೂರನೆಯ ಸಲ ಕಾರಣವೇ ಇರಲಿಲ್ಲ. ಪೆನ್ನು ಮುಚ್ಚಿ ಅಂಗಳಕ್ಕೆ ಹೋಗಿ ಗಿಡಗಳಿಗೆ ನೀರು ಹಾಕಿದೆ. ಹಿಂದಿನ ದಿನವಷ್ಟೇ ಮಳೆಯಾಗಿ ನೆಲ ಒದ್ದೆಯಿತ್ತು. ನಾಲ್ಕನೆಯ ಸಲ ಎರಡು ಪುಟ ಬರೆದು ಓದಿ ನೋಡಿದರೆ ತಪ್ಪೆಲ್ಲ ಬೇರೆಯವರದೇ ಆಗಿತ್ತು. ಹರಿದು ಹಾಕಿದೆ.

ಈಗ ಟೈಪಿಂಗ್ ಬಾಯಿ ತೀರಿಕೊಂಡು ಮೂರು ತಿಂಗಳಾಯಿತು. ಇನ್ನು ಮುಂದೂಡಲು ನನಗೂ ಬಹಳ ದಿನಗಳು ಉಳಿದಿಲ್ಲ. ನಾನು ಉಮರ್ಗಾದಲ್ಲಿ ಹತ್ತನೆಯವರೆಗೆ ಓದಿದವನು, ಬರೆದು ರೂಢಿಯಿಲ್ಲ. ಹಿಂದಿನದು ಮುಂದೆ, ಮುಂದಿನದು ಹಿಂದೆ ಆಗಬಹುದು. ಆದರೆ ಈ ಸಲ ಏಳುವುದಿಲ್ಲ.

ನಮ್ಮ ಕಡೆ ಗೌರವದ ಹೆಂಗಸರನ್ನು ಬಾಯಿ ಎಂದು ಕರೆಯುತ್ತಾರೆ. ಉದಗೀರದಲ್ಲಿ ಕೋಟೆಗೆ ಹೋಗುವ ದಾರಿಯಲ್ಲಿ, ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಅವರು ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ತವರು ಔರಾದದ ಕಡೆ, ಕನ್ನಡದ ಮನೆ. ಗಂಡ ಮಹಾರಾಷ್ಟ್ರ ಸರಕಾರದ ಎಸ್ಟಿ ಬಸ್ಸಿನ ಕಂಡಕ್ಟರ್. ಟೈಪ್‌ರೈಟರುಗಳು ಹೋಗಿ ಕಂಪ್ಯೂಟರ್ ಬಂದಾಗ ಅದನ್ನೂ ಕಲಿತು ನಾಲ್ಕು ಕಂಪ್ಯೂಟರ್ ಇಟ್ಟರು. ಊರಿಗೆಲ್ಲ ಅವರು ಟೈಪಿಂಗ್ ಬಾಯಿ.

ಅವರ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ನೀವು ಮಾತಾಡುತ್ತಿದ್ದರೆ ಅವರು ಮೇಜಿನ ಅಂಚಿನ ಮೇಲೋ, ತಮ್ಮ ಮೊಣಕಾಲಿನ ಮೇಲೋ ಅದನ್ನೆಲ್ಲ ಟೈಪು ಮಾಡುತ್ತಿದ್ದರು. ಅವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಒಂದು ಸಲ ನನ್ನ ಅಂಗಡಿಯಲ್ಲಿ ಒಬ್ಬ ಹಮಾಲ ಇನ್ನೊಬ್ಬನ ಜೊತೆ ಜಗಳಕ್ಕೆ ಬಿದ್ದು ಬಾಯಿ ಕೂತಿದ್ದನ್ನು ಕಾಣದೆ ಕೆಟ್ಟದಾಗಿ ಬೈದ. ಕಂಡಮೇಲೆ ನಾಚಿ, "ಬಾಯೀ, ನಾ ಬೈದದ್ದು ಟೈಪ್ ಮಾಡಬ್ಯಾಡ್ರಿ" ಎಂದ.

"ಮಾಡಿದ್ದಾತಪಾ," ಅಂದರು ಬಾಯಿ. "ಎರಡು ತಪ್ಪಿದ್ದವು, ತಿದ್ದೀನಿ."

ಹಮಾಲರೆಲ್ಲ ಚೀಲ ಇಳಿಸಿ ನಕ್ಕರು.

ನನ್ನದು ಮೊಂಢಾದಲ್ಲಿ ಅಡತಿ ಅಂಗಡಿ. ಮೊಂಢಾ ಅಂದರೆ ಧಾನ್ಯದ ಮಾರುಕಟ್ಟೆ. ರೈತರ ಮಾಲನ್ನು ದಲಾಲಿ ಪಡೆದು ಮಾರಿಸಿಕೊಡುವುದು ನಮ್ಮ ಕೆಲಸ. ಹದಿನೆಂಟು ವರ್ಷ ನಾನು ಅಲ್ಲಿನ ವ್ಯಾಪಾರಸ್ಥರ ಸಂಘದ ಕಾರ್ಯದರ್ಶಿಯಾಗಿದ್ದೆ. ಎಲ್ಲರೂ ನನ್ನನ್ನು ಅಪ್ಪಾ ಎನ್ನುತ್ತಿದ್ದರು, ಬಾಯಿಯೂ ಹಾಗೇ ಅನ್ನುತ್ತಿದ್ದರು.

ಒಂದು ಕಾಲಕ್ಕೆ ನಮ್ಮ ಕಡೆ ಎಲ್ಲರಿಗೂ ವೆಬ್‌ಸೈಟಿನ ಹುಚ್ಚು ಹಿಡಿಯಿತು. ಅಂಗಡಿಯ ಮೇಲೆ ಫಲಕ ಇದ್ದ ಹಾಗೆ ಇಂಟರ್ನೆಟ್ಟಿನಲ್ಲೂ ಒಂದು ಹೆಸರು ಬೇಕು, ಅದಕ್ಕೆ ಡೊಮೇನ್ ಅನ್ನುತ್ತಾರೆ ಎಂದು ನಮಗೆ ತಿಳಿಸಿದವರು ಬಾಯಿ. ಉದಗೀರದ ದಾಲ್ ಮಿಲ್ಲುಗಳಿಗೆ, ನಿಲಂಗಾದ, ಕಾಸಾರಶಿರಸಿಯ, ಉಮರ್ಗಾದ ಅಂಗಡಿಗಳಿಗೆ ಹೆಸರು ಹಿಡಿಸಿಕೊಟ್ಟವರೂ ಅವರೇ. "ಇದು ಹೊಲಾ ಖರೀದಿ ಮಾಡಿದಂಗಲ್ರಿ, ಲಾವಣಿಗಿ ಹಾಕ್ಕೊಂಡಂಗ," ಎಂದು ಎಲ್ಲರಿಗೂ ಎಚ್ಚರಿಸುತ್ತಿದ್ದರು. "ವರ್ಷಾ ವರ್ಷಾ ಹೊಸದು ಮಾಡಸಬೇಕು. ಮರ್ತ್ರಿ ಅಂದ್ರ ಮತ್ತೊಬ್ಬರು ಹಿಡೀತಾರ." ನಾವು ಹೂಂ ಅನ್ನುತ್ತಿದ್ದೆವು. ಯಾರಿಗೆ ನೆನಪಿರುತ್ತದೆ?

ನಿಲಂಗಾದಲ್ಲಿ ಒಬ್ಬ ಮಸಾಲೆ ವ್ಯಾಪಾರಿ ಇದ್ದ. ಅವನ ಅಂಗಡಿಯ ಕರಿ ಮಸಾಲೆ ಪುಣೆಯವರೆಗೂ ಹೋಗುತ್ತಿತ್ತು. ಒಂದು ದಿನ ಅವನು ಬೆವರುತ್ತ ಬಾಯಿಯ ಮಾಳಿಗೆ ಹತ್ತಿ ಬಂದ. ನಾನು ಯಾವುದೋ ಪತ್ರ ಬರೆಸಲು ಅಲ್ಲೇ ಕೂತಿದ್ದೆ.

"ಅಂಗಡಿ ನಂದು, ಹೆಸರು ನಮ್ಮಪ್ಪಂದು," ಅಂದ. "ಆ ಹೆಸರಿನ ಮ್ಯಾಲ ಈಗ ಜೂಜಾಟ ನಡದದ ಬಾಯೀ. ಪುಣೇದಿಂದ ಬೀಗ್ರು ಫೋನ್ ಮಾಡಿ, ಮಸಾಲಿ ಬಿಟ್ಟು ಇದು ಯಾವಾಗ ಸುರು ಮಾಡ್ದಿ ಅಂತಾರ."

"ಮುದತ್ತು ಮುಗಿಯೂಕ್ಕಿಂತ ಮೊದ್ಲು ನೆನಪಿನ ಪತ್ರ ಬಂದಿಲ್ಲೇನು?"

"ಬಂದಿದ್ದುವಂತ. ಇಂಗ್ಲಿಷಿನ್ಯಾಗ. ನಮ್ಮ ಅಳಿಯನ ಈಮೇಲಿಗೆ. ಅಂವಾ ನನ್ನ ಮಗಳ್ನ ತವರಿಗಿ ಅಟ್ಟಿ ಆರು ತಿಂಗಳಾತು. ಅಂವಾ ನನಗ ಹೇಳ್ತಾನೇನು?"

ಬಾಯಿ ಹೆಸರು ಮಾರಿದ ಕಂಪನಿಗೆ ಬರೆದರು. ಕಾಯ್ದೆ ಪ್ರಕಾರ ಎಚ್ಚರಿಕೆ ಕೊಟ್ಟಿದ್ದೇವೆ ಎಂದು ಉತ್ತರ ಬಂತು. ನಾನಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆ. ಅವರು ಆ ಕಾಯ್ದೆ ಮಾಡುವವರು ಯಾರು ಎಂದು ಹುಡುಕಲು ಕೂತರು. ಒಂದು ವಾರದ ನಂತರ ನನ್ನ ಗಾದಿಯ ಮುಂದೆ ಬಂದು ಕೂತು ಹೇಳಿದ್ದು ಇವತ್ತಿಗೂ ನನಗೆ ಅಕ್ಷರಶಃ ನೆನಪಿದೆ.

"ಅಪ್ಪಾರೀ, ನಮ್ಮ ಬಾಜಾರ ಸಮಿತಿ ನೋಡ್ರಿ. ರೈತರ ಸೀಟು ಬ್ಯಾರೆ, ಅಡತಿಯವರ ಸೀಟು ಬ್ಯಾರೆ, ಹಮಾಲರಿಗೂ ಒಂದು ಸೀಟು ಅದ. ಅಲ್ಲೂ ಹಂಗೇ. ಜಗತ್ತಿನ ಹೆಸರೆಲ್ಲಾ ನೋಡ್ಕೊಳ್ಳೋ ಒಂದು ಸಂಸ್ಥಾ ಅದ. ಅದರಾಗ ಹೆಸರು ಮಾರೋರದೊಂದು ಬಾಜೂ, ಸರಕಾರದವರದೊಂದು ಬಾಜೂ, ವ್ಯಾಪಾರಸ್ಥರದೊಂದು ಬಾಜೂ. ನಮ್ಮ ಬಾಜೂಕ ಯಾರು ಕುಂತಾರ ಹೇಳ್ರಿ?"

"ಯಾರು?"

"ದೊಡ್ಡ ದೊಡ್ಡ ಕಂಪನಿಯವರು. ಅವರೂ ವ್ಯಾಪಾರಸ್ಥರೇ, ಖರೆ. ಆದ್ರ ಅವರಿಗಿ ವಕೀಲರದಾರ, ಹೆಸರು ಮರಿಯಂಗಿಲ್ಲ. ಅಳಿಯನ ಈಮೇಲಿಗಿ ಪತ್ರ ಹೋಗೂ ನಮ್ಮಂಥವರು ಒಬ್ಬರೂ ಇಲ್ಲ. ಬರಬ್ಯಾಡ್ರಿ ಅಂತ ಯಾರೂ ಅಂದಿಲ್ರಿ. ನಾವೇ ಹೋಗಿಲ್ಲ."

ಅದೇ ಹೊತ್ತಿಗೆ ಆ ಸಂಸ್ಥೆ ಹಳೆಯ ನಿಯಮವನ್ನು ಮತ್ತೆ ನೋಡಲು ಹೊರಟಿತ್ತು. ಇಂಥ ದಿನದೊಳಗೆ ಯಾರು ಬೇಕಾದರೂ ತಮ್ಮ ಅಭಿಪ್ರಾಯ ಬರೆಯಬಹುದು, ಬರೆದದ್ದೆಲ್ಲ ಬರೆದವರ ಹೆಸರಿನ ಜೊತೆ ಎಲ್ಲರಿಗೂ ಕಾಣುವಂತೆ ಅವರ ಪುಟದಲ್ಲಿ ಉಳಿಯುತ್ತದೆ ಎಂದಿತ್ತು. ಬಾಯಿಗೆ ಬೇಕಾಗಿದ್ದು ಇಷ್ಟೇ. ಹೆಸರು ಕೈತಪ್ಪುವ ಮೊದಲು ಮಾಲಕನಿಗೆ ಫೋನಿನ ಮೇಲೆ, ಅವನ ಭಾಷೆಯಲ್ಲಿ, ಒಂದು ಸಲ ಹೇಳಬೇಕು. ಹೇಳಿದ ಮೇಲೂ ಸ್ವಲ್ಪ ದಿನ ಅದನ್ನು ಬೇರೆಯವರಿಗೆ ಕೊಡದೆ ಕಾಯಬೇಕು.

ನಮ್ಮ ಸಂಘದ ಹೆಸರಿನಲ್ಲಿ ಅಲ್ಲಿ ಒಂದು ಖಾತೆ ತೆರೆದರು. ಸಂಪರ್ಕದ ವ್ಯಕ್ತಿ ಎಂದು ತಮ್ಮ ಹೆಸರು ಹಾಕಿದರು, ಇಂಗ್ಲಿಷಿನ ಪತ್ರ ಬಂದರೆ ಓದುವವರು ಅವರೊಬ್ಬರೇ. ಅದರ ಪಾಸ್‌ವರ್ಡನ್ನು ನಾನು ಸಂಘದ ಆಫೀಸಿನ ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ.

ಆಮೇಲೆ ಎರಡು ತಿಂಗಳು ಬಾಯಿ ಊರೂರು ತಿರುಗಿದರು. ಗಂಡನ ಬಸ್ಸಿನಲ್ಲಿ ಹೋಗಿ ಇಳಿಯುವುದು, ಅದು ತಿರುಗಿ ಬರುವುದರೊಳಗೆ ನಾಲ್ಕು ಅಂಗಡಿ ಮುಗಿಸುವುದು. ಅಂಗಡಿಯವನು ತನ್ನ ಮಾತು ಹೇಳಿ ಮುಗಿಸುವವರೆಗೆ ಚಹಾ ಮುಟ್ಟುತ್ತಿರಲಿಲ್ಲ. "ಮೊದ್ಲು ಮಾತು, ಆಮ್ಯಾಲ ಚಾ. ಚಾ ಕುಡದ ಮ್ಯಾಲ ಎಲ್ಲಾರೂ ನೀವು ಹೇಳಿದ್ದೇ ಬರೋಬರ ಅಂತಾರ." ಎಲ್ಲರಿಗೂ ಒಂದೇ ಪತ್ರ ಬರೆದು ಸಹಿ ಹಾಕಿಸಿ ಎಂದು ನಾನು ಹೇಳಿದ್ದೆ. ಅವರು ತಲೆ ಅಲ್ಲಾಡಿಸಿದರು. ಒಬ್ಬೊಬ್ಬನೂ ಕನ್ನಡದಲ್ಲೋ ಮರಾಠಿಯಲ್ಲೋ ಹೇಳಿದ್ದನ್ನು ಹಾಗೆಯೇ ಬರೆದು, ಕೆಳಗೆ ಇಂಗ್ಲಿಷ್ ಮಾಡಿ, ಮತ್ತೆ ಹೋಗಿ ಓದಿ ಹೇಳಿ, ಆಮೇಲೆ ಸಹಿ ಹಾಕಿಸುತ್ತಿದ್ದರು.

ಕಾಸಾರಶಿರಸಿಗೆ ಹೋದಾಗ ನಾನೂ ಜೊತೆಗಿದ್ದೆ. ಅಲ್ಲಿನ ಪಾತ್ರೆ ಅಂಗಡಿಯವನು, "ನನ್ನ ಮಾತು ಪರದೇಶಕ್ಕ ಯಾಕ ಒಯ್ತೀರಿ ಬಾಯೀ? ಮನ್ಯಾಗ ಹೆಂಡ್ತಿನೇ ಕೇಳಂಗಿಲ್ಲ" ಎಂದ.

"ಹೆಂಡ್ತಿ ಕೇಳಂಗಿಲ್ಲ ಅಂತ ಬರೀಲೇನು?"

"ಬ್ಯಾಡ್ರೆವಾ, ಆಕಿ ಓದ್ಯಾಳು." ಆಮೇಲೆ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು ಹೇಳಿದ: "ದನದ ಬಾಜಾರದಾಗ ಸುದ್ದಾ ಹಗ್ಗ ಬಿಚ್ಚೂ ಮೊದ್ಲು ಮಾಲಕನ್ನ ಒಂದು ಸರ್ತಿ ಕೂಗ್ತಾರ. ಒಂದು ಕೂಗು ಹಾಕ್ರಿ, ಅಷ್ಟೇ ಬರೀರಿ."

ಬಾಯಿ ಅಷ್ಟೇ ಬರೆದರು. ಹೊರಗೆ ಬಂದಮೇಲೆ, "ಇದರ ಮುಂದ ವಕೀಲರು ಬರಿಯೂ ಹತ್ತು ಪುಟ ಯಾವ ಲೆಕ್ಕ ಅಪ್ಪಾರೀ?" ಎಂದರು. ಅವರು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹೀಗೆ ಹತ್ತೊಂಬತ್ತು ಪತ್ರಗಳಾದವು. ಅವುಗಳಲ್ಲಿ ಒಂದು ನನ್ನದು. ಆ ಸಂಸ್ಥೆಯ ವ್ಯಾಪಾರಸ್ಥರ ಬಾಜೂದವರು ಅವನ್ನು ಓದಿ ಬಾಯಿಯನ್ನು ಕಂಪ್ಯೂಟರಿನ ಮೇಲೆ ಮಾತಾಡಿಸಿದರು. ಬರುವ ದೊಡ್ಡ ಸಭೆಯಲ್ಲಿ ಸಣ್ಣ ಊರಿನ ಅಂಗಡಿಯವರ ಪರವಾಗಿ ಐದು ನಿಮಿಷ ಮಾತಾಡಿ ಎಂದರು. ಪ್ರಯಾಣವೇನೂ ಬೇಕಿರಲಿಲ್ಲ, ಮಾಳಿಗೆಯ ಮೇಲೆ ಕೂತೇ ಮಾತಾಡುವುದು. ಬಾಯಿ ಆ ಐದು ನಿಮಿಷವನ್ನು ಗಡಿಯಾರ ಇಟ್ಟುಕೊಂಡು ಕಲಿತರು. ನನ್ನನ್ನು ಎದುರಿಗೆ ಕೂಡಿಸಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು.

"ನಿಮಗ ತಿಳೀಲಿಲ್ಲಾಂದ್ರೂ ಚಿಂತಿಲ್ರಿ," ಅನ್ನುತ್ತಿದ್ದರು. "ನಾ ಹೆದರ್ಲಕತ್ತೀನಿ ಅನ್ನೂದು ಕಾಣ್ತದೇನು, ಅಷ್ಟು ನೋಡ್ರಿ."

ಕಾಣುತ್ತಿರಲಿಲ್ಲ. ಅದೇ ನನಗೆ ಚುಚ್ಚಿದ್ದು.

ಇಲ್ಲಿ ಪೆನ್ನು ನಿಂತಿತ್ತು. ಎದ್ದು ಬಾಗಿಲವರೆಗೆ ಹೋಗಿ ಬಂದೆ. ಏಳುವುದಿಲ್ಲ ಎಂದು ಬರೆದದ್ದು ಸುಳ್ಳಾಯಿತು.

ಹದಿನೆಂಟು ವರ್ಷ ಮೊಂಢಾದ ಮಾತನ್ನು ಹೊರಗೆ ಮುಟ್ಟಿಸಿದವನು ನಾನು. ಕಲೆಕ್ಟರರ ಹತ್ತಿರ, ಸಮಿತಿಯ ಹತ್ತಿರ, ರೈಲಿನವರ ಹತ್ತಿರ. ಈಗ ಜನ, "ಬಾಯಿ ಮುಟ್ಟಸ್ತಾರ ಬಿಡ್ರಿ" ಅನ್ನಲು ಸುರು ಮಾಡಿದ್ದರು. ನನ್ನ ಮುಂದೆಯೇ ಅನ್ನುತ್ತಿದ್ದರು. ಇದನ್ನು ನಾನು ಆಗ ಹೊಟ್ಟೆಕಿಚ್ಚು ಎಂದು ಒಪ್ಪುತ್ತಿರಲಿಲ್ಲ. ಸಂಘದ ಶಿಸ್ತು ಅನ್ನುತ್ತಿದ್ದೆ.

ಹೊರಗಿನವರಿಗೆ ತಿಳಿಯದ ನಮ್ಮ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಪ್ರತಿ ಅಂಗಡಿಗೂ ಒಂದು ಶಿಕ್ಕಾ ಇರುತ್ತದೆ, ಅಂದರೆ ಅಂಗಡಿಯ ಹೆಸರಿನ ರಬ್ಬರ್ ಮುದ್ರೆ. ನಮ್ಮ ಸಂಘದಲ್ಲಿ ಪ್ರತಿಯೊಬ್ಬನೂ ಎರಡು ಶಿಕ್ಕಾ ಮಾಡಿಸಿ ಒಂದನ್ನು ಸಂಘಕ್ಕೆ ಕೊಡುತ್ತಿದ್ದ. ಎಲ್ಲವೂ ಒಂದು ತಗಡಿನ ಡಬ್ಬಿಯಲ್ಲಿ ಇರುತ್ತಿದ್ದವು, ಕೀಲಿ ನನ್ನ ಹತ್ತಿರ. ಅರ್ಜಿ ಕೊಡಬೇಕಾದಾಗ ಒಬ್ಬೊಬ್ಬರ ಅಂಗಡಿಗೆ ಅಲೆಯುವ ಬದಲು ಕಾರ್ಯದರ್ಶಿಯೇ ಕೂತು ಎಲ್ಲರ ಶಿಕ್ಕಾ ಒತ್ತಿಬಿಡುತ್ತಿದ್ದ. ಅದರಲ್ಲಿ ಮೋಸವಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಅರ್ಜಿಯಲ್ಲಿ ಏನಿದೆ ಎಂದು ಕೇಳಿದವರೂ ಇಲ್ಲ. ರಸ್ತೆ ಬೇಕು, ನೀರು ಬೇಕು, ಗೋದಾಮು ಬೇಕು. ಯಾರು ಬೇಡ ಅನ್ನುತ್ತಾರೆ?

ಆ ದಿನಗಳಲ್ಲೇ, ಅಭಿಪ್ರಾಯ ಬರೆಯುವ ಗಡುವು ಇನ್ನೂ ಮುಗಿಯದಿದ್ದಾಗ, ಪುಣೆಯಿಂದ ಒಬ್ಬ ಬಂದ. ಹೆಸರು ಮಾರುವ ಒಂದು ಕಂಪನಿಯವನು. ಮುದತ್ತು ಮೀರಿದ ಹೆಸರುಗಳನ್ನು ಹಿಡಿದು ಮಾರುವುದೂ ಅವರ ಧಂದೆ ಎಂದು ನನಗೆ ಗೊತ್ತಾಗಿದ್ದು ಆಮೇಲೆ. ಅವನು ಸೀದಾ ನನ್ನ ಗಾದಿಗೆ ಬಂದು ಪಾದ ಮುಟ್ಟಿದ. ಸಂಘದ ಹಾಲಿಗೆ ಸಿನಿಮಾದಂಥ ದೊಡ್ಡ ಪರದೆ ಕೊಡಿಸುತ್ತೇನೆ ಎಂದ. ಅದಕ್ಕೆ ನಾನು ಮಾರು ಹೋದೆ ಎಂದು ಬರೆದರೆ ಸುಲಭವಾಗುತ್ತಿತ್ತು, ಆದರೆ ಅದಲ್ಲ. ಅವನು ಮರಾಠಿಯಲ್ಲಿ, "ಅಪ್ಪಾ, ಗಡಿಯ ವ್ಯಾಪಾರಿಗಳಿಗೆಲ್ಲ ನೀವೇ ನಾಯಕರು. ನಿಮ್ಮ ಮಾತನ್ನು ಟೈಪಿಂಗ್ ಕಲಿಸುವ ಹೆಂಗಸು ಯಾಕೆ ಹೇಳಬೇಕು?" ಎಂದ.

ಅಷ್ಟು ಸಾಕಾಯಿತು.

ಅವನ ಹತ್ತಿರ ಒಂದು ಪತ್ರ ತಯಾರಿತ್ತು. ಈಗಿರುವ ನಿಯಮ ಚೆನ್ನಾಗಿದೆ, ಬದಲಾವಣೆ ಬೇಡ, ಫೋನು ಗೀನು ಎಲ್ಲ ವೃಥಾ ಖರ್ಚು ಎಂದು. ಒಂದೇ ಪತ್ರ, ನಲವತ್ತೊಂದು ಪ್ರತಿ. ಬಾಯಿ ಉಮರ್ಗಾಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ನಾನು ಡಬ್ಬಿ ತೆಗೆದು ಕೂತೆ. ಒತ್ತುತ್ತ ಹೋದೆ. ಎರಡು ಶಿಕ್ಕಾ ಬಂದ್ ಆದ ಅಂಗಡಿಗಳವು. ಒಂದರ ಮಾಲಕ ತೀರಿಕೊಂಡು ವರ್ಷವಾಗಿತ್ತು, ಅವನ ಹೆಣಕ್ಕೆ ಹೆಗಲು ಕೊಟ್ಟವನು ನಾನು. ಶಿಕ್ಕಾ ಕೈಯಲ್ಲಿ ಹಿಡಿದು ಸ್ವಲ್ಪ ತಡೆದೆ. ಆಮೇಲೆ ಲೆಕ್ಕ ತುಂಬಲಿ ಎಂದು ಅದನ್ನೂ ಒತ್ತಿದೆ. ಬಾಯಿಯ ಮುಂದೆ ಕೂತು ಒಂದು ಮಾತು ಹೇಳಿದ್ದ ನನ್ನ ಸ್ವಂತ ಅಂಗಡಿಯ ಶಿಕ್ಕಾವನ್ನೂ ಒತ್ತಿದೆ. ಪುಣೆಯವನು ಕ್ಯಾಲೆಂಡರು ತಿರುಗಿಸಿ, ಪಾಸ್‌ವರ್ಡ್ ನೋಡಿ, ಸಂಘದ ಖಾತೆಯಿಂದಲೇ ಎಲ್ಲವನ್ನೂ ಕಳಿಸಿದ.

ಎಲ್ಲದರ ಮೇಲೂ ಕಳಿಸಿದವರು ಎಂದು ಬಿದ್ದದ್ದು ಬಾಯಿಯ ಹೆಸರು. ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಿಡುತ್ತಿದ್ದೆನೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಉತ್ತರ ಒಂದೊಂದು ದಿನ ಒಂದೊಂದು ಬರುತ್ತದೆ.

ಆ ಸಂಸ್ಥೆಯಲ್ಲಿ ಕೂತವರು ನಮ್ಮ ಕಲೆಕ್ಟರ್ ಆಫೀಸಿನವರ ಹಾಗೆ ಕಾಗದದ ತೂಕ ನೋಡುವವರಲ್ಲ, ಓದುವವರು. ನಲವತ್ತೊಂದು ಅಂಗಡಿಗಳದೂ ಒಂದೇ ಮಾತು, ಒಂದೇ ಕೈಯಲ್ಲಿ ಬರೆದ ತಾರೀಖು. ಅದರಲ್ಲಿ ಕೆಲವರು ಮೊದಲೇ ತದ್ವಿರುದ್ಧ ಬರೆದವರು. ವಾರದೊಳಗೆ ವಿವರಣೆ ಕೇಳಿ ಬಾಯಿಗೆ ಪತ್ರ ಬಂತು. ಬಾಯಿ ಅದನ್ನು ಪ್ರಿಂಟು ತೆಗೆದುಕೊಂಡು ನನ್ನ ಹತ್ತಿರ ಬಂದರು.

"ಅಪ್ಪಾರೀ, ನಿಮ್ಮ ಅಂಗಡೀದು ಇದರಾಗ ಎರಡು ಪತ್ರ ಅವ. ಒಂದು ನೀವು ನನ್ನ ಮುಂದ ಕುಂತು ಹೇಳಿದ್ದು. ಇನ್ನೊಂದು ಯಾರು ಹೇಳಿದ್ದು?"

"ನನಗೇನು ತಿಳೀತದ ಬಾಯೀ. ಅದೆಲ್ಲಾ ಕಂಪ್ಯೂಟರಿನ ಕೆಲಸ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಧ್ವನಿ ತಗ್ಗಿಸಿ ಹೇಳಿದರು: "ಹತ್ತು ದಿವಸ ಕೊಟ್ಟಾರ. ಸಂಘದಿಂದ ಎರಡು ಸಾಲು ಬರ್ಕೊಡ್ರಿ, ಈ ನಲವತ್ತೊಂದು ಈಕಿ ಕಳಿಸಿದ್ದಲ್ಲ ಅಂತ. ಯಾರು ಕಳಿಸಿದ್ರು ಅಂತ ಬರೀಬ್ಯಾಡ್ರಿ. ನಾ ಕೇಳಂಗಿಲ್ಲ. ನಾ ಅಲ್ಲ ಅಂತ ಇಷ್ಟೇ."

ಎರಡು ಸಾಲು. ನನ್ನ ಹೆಸರು ಕೂಡ ಬೇಡ ಎಂದಿದ್ದರು. ಕಮಿಟಿಯ ಮುಂದೆ ಇಡುತ್ತೇನೆ ಎಂದೆ.

ಕಮಿಟಿ ಕೂಡಿದಾಗ ಹೊಸ ಪರದೆ ಬಂದಿತ್ತು. ಅದನ್ನು ಇನ್ನೂ ಯಾರೂ ಹಚ್ಚಿರಲಿಲ್ಲ. ಬಾಯಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ನಮ್ಮ ಶಿಕ್ಕಾ ಪರದೇಶಕ್ಕೆ ಹ್ಯಾಂಗ ಹೋದವು ಎಂದು ಒಬ್ಬ ಕೇಳಿದ. ನಾನು ಹೇಳಿದೆ, "ಖಾತೆ ಬಾಯೀದು. ಕಳಿಸೋದೆಲ್ಲಾ ಅವರೇ ಕಳಸ್ತಾರ. ನಾವು ಓದು ಬರಹ ಕಮ್ಮಿ ಇದ್ದವರು, ಅವರ ಮ್ಯಾಲ ಭರೋಸಾ ಇಟ್ವಿ."

ಬಾಯಿಯ ಎರಡೂ ಕೈ ಮಡಿಲಲ್ಲಿದ್ದವು. ಬೆರಳು ಅಲುಗುತ್ತಿರಲಿಲ್ಲ.

"ಆ ಡಬ್ಬಿ ಕೀಲಿ ಯಾರ ಹಂತ್ಯಾಕ ಇರ್ತದ ಅಂತ ಇಲ್ಲಿ ಎಲ್ಲಾರಿಗೂ ಗೊತ್ತದ," ಎಂದರು. "ನಾ ಹೇಳಂಗಿಲ್ಲ. ನಿಮ್ಮಾಗ ಯಾರರ ಒಬ್ಬರು ಹೇಳ್ರಿ."

ಕಾದರು. ಹತ್ತೊಂಬತ್ತು ಪತ್ರದವರಲ್ಲಿ ಏಳೆಂಟು ಜನ ಅಲ್ಲೇ ಇದ್ದರು. ಹೇಳಿದರೆ ಇಷ್ಟು ವರ್ಷ ಓದದೆ ಶಿಕ್ಕಾ ಒಪ್ಪಿಸಿ ಕೂತ ತಮ್ಮ ಮರ್ಯಾದೆಯೂ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಒಬ್ಬ ಹೊರಗೆ ಎದ್ದು ಹೋಗಿ ಉಗುಳಿ ಬಂದ. ಒಬ್ಬ ಚಹಾ ತರಿಸಿದ. ಬಾಯಿ ಎದ್ದು ಹೋದರು. ಮೆಟ್ಟಿಲಿಳಿಯುವ ಸದ್ದು ಕೇಳಿಸಿತು.

ನಾನು ಆ ಎರಡು ಸಾಲು ಬರೆಯಲಿಲ್ಲ. ಹತ್ತು ದಿನ ಕಳೆದವು. ಆ ಸಂಸ್ಥೆಯವರು ನಮ್ಮ ಕಡೆಯಿಂದ ಹೋದ ಅರವತ್ತೂ ಪತ್ರಗಳನ್ನು ಬದಿಗಿಟ್ಟರು, ಹಗ್ಗ ಬಿಚ್ಚುವ ಮೊದಲು ಕೂಗಿ ಎಂದದ್ದನ್ನೂ. ಐದು ನಿಮಿಷ ಬೇರೆ ಯಾರಿಗೋ ಹೋಯಿತು. ನಿಯಮ ಇದ್ದ ಹಾಗೇ ಉಳಿಯಿತು. ಬಾಯಿ ಮಾತಾಡಿದ್ದರೆ ಬದಲಾಗುತ್ತಿತ್ತೇ, ನನಗೆ ಗೊತ್ತಿಲ್ಲ. ನಿಲಂಗಾದವನಿಗೆ ಅವನ ಅಪ್ಪನ ಹೆಸರು ತಿರುಗಿ ಸಿಗಲಿಲ್ಲ.

ಮೊಂಢಾದವರು ಮಕ್ಕಳನ್ನು ಟೈಪಿಂಗಿಗೆ ಕಳಿಸುವುದನ್ನು ನಿಲ್ಲಿಸಿದರು. ಯಾರೂ ಕಳಿಸಬೇಡಿ ಎಂದಿರಲಿಲ್ಲ, ತಾನಾಗಿ ನಿಂತಿತು. ಒಂದೂವರೆ ವರ್ಷಕ್ಕೆ ಬಾಯಿ ಮಾಳಿಗೆ ಬಿಟ್ಟರು. ಗಂಡನ ನಿವೃತ್ತಿಯಾದ ಮೇಲೆ ಉಮರ್ಗಾದಲ್ಲಿ ಮನೆ ಮಾಡಿದರು. ಅಲ್ಲಿ ಮಗಳು ಶಾಲೆಯಲ್ಲಿ ಕಲಿಸುತ್ತಾಳೆ.

ಆಮೇಲೆ ಒಂದೇ ಸಲ ಭೆಟ್ಟಿಯಾಗಿದ್ದು, ಕಾಸಾರಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ. ನಾನು ಅವರನ್ನು ಕಂಡು ಕಂಬದ ಆಚೆ ಸರಿಯುತ್ತಿದ್ದೆ. ಅವರೇ ಕರೆದರು.

"ಬರ್ರಿ ಅಪ್ಪಾ, ಕುಂದರ್ರಿ. ಕಾಲು ಹಂಗ್ಯಾಕ ಎಳೀಲಕತ್ತೀರಿ?"

ಸರಿದು ಜಾಗ ಮಾಡಿದರು. ನಾನು ಸೋಯಾಬೀನಿನ ಬಗ್ಗೆ ಮಾತಾಡಿದೆ. ಮಳೆಯ ಬಗ್ಗೆ, ಮತ್ತೆ ಸೋಯಾಬೀನಿನ ಬಗ್ಗೆ. ಗಂಡ ಹೇಗಿದ್ದಾನೆ ಎಂದು ಎರಡು ಸಲ ಕೇಳಿದೆ. ಉಮರ್ಗಾದ ಬಸ್ಸು ಬಂತು. ಅವರು ಬಸ್ಸಿನ ಬಾಗಿಲಲ್ಲಿ ನಿಂತು ತಿರುಗಿ, "ಏನರ ಹೇಳೂದಿತ್ತೇನ್ರಿ?" ಎಂದು ಕೇಳಿದರು.

"ಇಲ್ಲ. ಜಲ್ದಿ ಹೋಗಿ ಸೀಟು ಹಿಡೀರಿ ಅಂತ."

ಬಸ್ಸಿನಲ್ಲಿ ಅರ್ಧ ಸೀಟುಗಳು ಖಾಲಿಯಿದ್ದವು.

ತೀರಿಕೊಂಡ ಸುದ್ದಿ ನನಗೆ ಐದು ದಿನ ತಡವಾಗಿ ಮುಟ್ಟಿತು. ಉಮರ್ಗಾಕ್ಕೆ ಹೋದೆ. ಗಂಡನಿಗೆ ಕಿವಿ ಮಂದ, ನನ್ನ ಕೈ ಹಿಡಿದು ಕೂತ. ಮಗಳು ನೀರು ಕೊಟ್ಟು, ಸ್ವಲ್ಪ ಹೊತ್ತಿನ ಮೇಲೆ ಫೋನು ತಂದು ನನ್ನ ಮುಂದೆ ಹಿಡಿದಳು.

"ಅವ್ವನ ಹೆಸರು ಹಾಕಿ ಹುಡುಕಿದ್ರ ಇದೊಂದೇ ಬರ್ತದ ಕಾಕಾ. ಆಕಿ ಇಪ್ಪತ್ತು ವರ್ಷ ಕಲಿಸಿದ್ದು ಎಲ್ಲೂ ಇಲ್ಲ. ನೋಡ್ರಿ."

ಆ ಪುಟ ಹಾಗೇ ಇತ್ತು. ಅರವತ್ತು ಪತ್ರ, ಪ್ರತಿಯೊಂದರ ಕೆಳಗೂ ಬಾಯಿಯ ಪೂರ್ತಿ ಹೆಸರು. ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು. ಮಗಳು ಅರ್ಥ ಹೇಳಿದಳು: ಇವು ನಿಜವಾದ ಪತ್ರಗಳೆಂದು ನಂಬಲಾಗದು, ಕಳಿಸಿದವರು ಸಮಾಧಾನಕರ ಉತ್ತರ ಕೊಟ್ಟಿಲ್ಲ.

ನಾನು ಅಲ್ಲಿಯೇ ಹೇಳಿದೆ. ಡಬ್ಬಿ, ಕೀಲಿ, ಪುಣೆಯವನು, ಸತ್ತವನ ಶಿಕ್ಕಾ, ಎಲ್ಲ. ಮಗಳು ಅಳಲಿಲ್ಲ, ಬೈಯಲೂ ಇಲ್ಲ. "ಇದು ಅವ್ವಗ ಗೊತ್ತಿತ್ತು," ಅಂದಳು. "ನನಗ್ಯಾಕ ಹೇಳ್ತೀರಿ? ಎಲ್ಲಿ ಬರದಾರ ಅಲ್ಲಿ ಹೇಳ್ರಿ."

ನಾನು ಹೇಳಿದೆ, ಅವಳು ಕಂಪ್ಯೂಟರಿನಲ್ಲಿ ಬರೆದು ಆ ಸಂಸ್ಥೆಗೆ ಕಳಿಸಿದಳು. ನಾನೇ ಮಾಡಿದ್ದು, ಆ ಎರಡು ಸಾಲು ತೆಗೆಯಿರಿ ಎಂದು. ಹದಿನೈದು ದಿನಕ್ಕೆ ಬಹಳ ಮರ್ಯಾದೆಯ ಉತ್ತರ ಬಂತು. ಹಳೆಯ ಪುಟವನ್ನು ತಿದ್ದಬೇಕಾದರೆ ಪತ್ರಗಳನ್ನು ಕಳಿಸಿದ ವ್ಯಕ್ತಿಯೇ ಕೇಳಬೇಕು. ಬೇರೆಯವರ ಮಾತಿನ ಮೇಲೆ ತಿದ್ದಲು ಬರುವುದಿಲ್ಲ. ಅವರು ಹೇಳುವುದರಲ್ಲೂ ನ್ಯಾಯವಿದೆ. ಬೇರೆಯವರ ಹೆಸರಿನಲ್ಲಿ ಮಾತಾಡಿದ್ದೇ ಅಲ್ಲವೇ ನನ್ನ ತಪ್ಪು?

ಹೋದ ವಾರ ಸಂಘದ ಸಭೆಗೆ ಹೋದೆ. ಈಗಿನ ಕಾರ್ಯದರ್ಶಿ ನಲವತ್ತರೊಳಗಿನವನು, ಬಾಯಿಯನ್ನು ಕಂಡವನಲ್ಲ. ಹಳಬರು ಆರು ಜನ ಉಳಿದಿದ್ದಾರೆ. ಎದ್ದು ನಿಂತು ಎಲ್ಲ ಹೇಳಿದೆ. ಮುಗಿಸಿದ ಮೇಲೆ ಒಬ್ಬ, "ಬಿಡ್ರಿ ಅಪ್ಪಾ, ಇದು ನಮಗೆಲ್ಲಾ ಅವತ್ತೇ ಗೊತ್ತಿತ್ತಲ್ಲ. ಈಗ ಯಾಕ?" ಎಂದ. ಅಷ್ಟು ಸಹಜವಾಗಿ ಎಂದ.

ನಾನು ಕೂರಲಿಲ್ಲ. ಇದನ್ನು ಠರಾವಿನ ಪುಸ್ತಕದಲ್ಲಿ ಬರೆಯಬೇಕು ಎಂದೆ.

ಕಾರ್ಯದರ್ಶಿ ಪುಸ್ತಕ ತೆರೆದ. "ಟೈಪಿಂಗ್ ಬಾಯಿ ಅಂತ ಬರೀಲೇನ್ರಿ?"

"ಬ್ಯಾಡ. ಪೂರಾ ಹೆಸರು ಬರಿ."

ಅವನು ಹಳಬರ ಕಡೆ ನೋಡಿದ. ಅವರು ಒಬ್ಬರ ಮುಖ ಒಬ್ಬರು ನೋಡಿದರು. ಯಾರಿಗೂ ಗೊತ್ತಿರಲಿಲ್ಲ. ಇವರೆಲ್ಲ ಬಾಯಿಯ ಕೈಯಿಂದ ಅಂಗಡಿಯ ಪತ್ರ ಬರೆಸಿದವರು, ಅವರ ಹತ್ತಿರ ಮಕ್ಕಳನ್ನು ಕಲಿಯಲು ಕಳಿಸಿದವರು.

"ಸಂಘದವರು ಯಾರರ ಅವರ ಕ್ಷಮಾ ಕೇಳ್ಯಾರೇನ್ರಿ? ಅದನ್ನೂ ಬರೀಬೇಕಾಗ್ತದ," ಎಂದ ಕಾರ್ಯದರ್ಶಿ.

"ಇಲ್ಲ. ಅಂದಿನ ಕಾರ್ಯದರ್ಶಿ ಕ್ಷಮಾ ಕೇಳಿಲ್ಲ ಅಂತ ಬರಿ."

"ಯಾರ ಕ್ಷಮಾ ಕೇಳಿಲ್ಲಂತ ಬರೀಲ್ರಿ?"

ನಾನು ಹೇಳಿದೆ. ಅವರ ಹೆಸರು, ಗಂಡನ ಹೆಸರು, ಮನೆತನದ ಹೆಸರು, ಆ ಪುಟದಲ್ಲಿ ಅರವತ್ತು ಸಲ ಇರುವ ಹಾಗೆ. ಇಲ್ಲಿ ಅದನ್ನು ಬರೆಯುವುದಿಲ್ಲ. ಓದಿದವರು ಹುಡುಕಿದರೆ ಅವರಿಗೆ ಸಿಗುವುದು ಆ ಎರಡು ಸಾಲು. ಅಲ್ಲಿ, ಆರು ಜನ ಹಳಬರ ಮುಂದೆ, ನಿಧಾನವಾಗಿ ಎರಡು ಸಲ ಹೇಳಿದೆ. ಅಷ್ಟು ವರ್ಷದ ಪರಿಚಯದಲ್ಲಿ ಆ ಹೆಸರನ್ನು ನಾನು ಪೂರ್ತಿಯಾಗಿ ಹೇಳಿದ್ದು ಅದೇ ಮೊದಲು.